ಅಂಗೈಯಲ್ಲೊಂದು ಅಂಗಡಿ

ವ್ಯಾಪಾರವೆಂಬುದು ಭೂಮಿಯ ಮೇಲೆ ಯಾವಾಗ ಹುಟ್ಟಿತೋ, ಅದರ ಜೊತೆಯಲ್ಲೇ ಕೂಗುವ ಕಲೆಯೂ ಹುಟ್ಟಿರಬೇಕು. ಸರಕು ಎಷ್ಟೇ ಚೆನ್ನಾಗಿರಲಿ, ಅದು ಇದೆಯೆಂಬುದು ಕೊಳ್ಳುವವನಿಗೆ ತಿಳಿಯದಿದ್ದರೆ ಪ್ರಯೋಜನವೇನು? ಸಂತೆಯಲ್ಲಿ ಬಳೆಗಾರ ಕೂಗಿದ. ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು. ಅರಸನ ಅಪ್ಪಣೆಯನ್ನು ಡಂಗುರದವನು ಸಾರಿದ. ಪುರಂದರದಾಸರು ಪೂರ್ವಾಶ್ರಮದಲ್ಲಿ ವರ್ತಕರಾಗಿದ್ದರೆಂದು ಪ್ರತೀತಿ. ದಾಸರಾದ ಮೇಲೆ ಅವರು ಹರಿನಾಮವನ್ನೂ ಬೀದಿಯಲ್ಲಿ ಮಾರುವ ಸರಕಿನಂತೆ ಕೂಗಿ ಕರೆದು ಕೊಡಲು ಹೊರಟರು. ಆದಕಾರಣ, ಮಾರುವುದನ್ನಾಗಲಿ, ಮಾರುವುದಕ್ಕಾಗಿ ಕೂಗುವುದನ್ನಾಗಲಿ ಕೀಳೆಂದು ತಿಳಿಯುವ ಪಂಡಿತರ ಗುಂಪಿಗೆ ನಾನು ಸೇರಿದವನಲ್ಲ.

ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ಸಂಸಾರ ಸಾಗಿಸುವ ನನ್ನಂಥವನು ಹಾಗೆ ತಿಳಿದರೆ ಗಳಗನಾಥರಿಗೆ ಅಪಚಾರ ಮಾಡಿದಂತಾದೀತು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಆ ಮಹನೀಯರು (1869–1942) ಕಾದಂಬರಿಗಳನ್ನು ಬರೆದು ಅಚ್ಚು ಹಾಕಿಸಿ ಸುಮ್ಮನೆ ಕೂಡಲಿಲ್ಲ. ಪುಸ್ತಕದ ಗಂಟನ್ನು ತಾವೇ ಹೊತ್ತು, ಊರಿಂದೂರಿಗೆ ನಡೆದು, ಓದುವವರ ಮನೆಬಾಗಿಲಿಗೆ ಹೋಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಪುಸ್ತಕಗಳನ್ನು ಹೊರತಂದಿತು. ಈ ಎರಡು ವ್ಯಾಪಾರಗಳಿಗೂ ಸಮಾನವಾದ ಗುಣವೊಂದುಂಟು. ಮಾರುವವನಿಗೆ ಕೊಳ್ಳುವವನಾರೆಂದು ಗೊತ್ತು. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದೇನೆಂದು ಗೊತ್ತು. ವ್ಯವಹಾರ ಮುಗಿದ ಮೇಲೆ ಮಾರುವವನು ತನ್ನ ದಾರಿ ಹಿಡಿದು ಹೊರಟುಹೋಗುತ್ತಾನೆ.

ನಮ್ಮ ಕಾಲದ ವ್ಯಾಪಾರಿ ಹೊರಟುಹೋಗುವ ಆಸಾಮಿಯಲ್ಲ. ಆತ ನಮ್ಮ ಅಂಗೈಯಲ್ಲೇ ಅಂಗಡಿ ಹೂಡಿದ್ದಾನೆ. ಹಿಂದಿನವರು ಬೆಳಗ್ಗೆ ಎದ್ದ ಕೂಡಲೆ ಅಂಗೈ ನೋಡಿಕೊಂಡು ಲಕ್ಷ್ಮಿಯನ್ನು ಸ್ಮರಿಸುತ್ತಿದ್ದರು. ನಾವೂ ಎದ್ದ ಕೂಡಲೆ ಅಂಗೈಯನ್ನೇ ನೋಡುತ್ತೇವೆ. ಲಕ್ಷ್ಮಿಯೂ ಅಲ್ಲೇ ಇದ್ದಾಳೆ; ಆದರೆ ಆಕೆ ನಮ್ಮ ಮನೆಗೆ ಬರುವ ಲಕ್ಷ್ಮಿಯಲ್ಲ, ನಮ್ಮ ಮನೆಯಿಂದ ಹೊರಡುವ ಲಕ್ಷ್ಮಿ!

ಜಾಹೀರಾತಿನ ಹಣದಿಂದ ಓದುಗರಿಗೆ ಅಗ್ಗದಲ್ಲಿ ಓದು ಒದಗಿಸುವ ಉಪಾಯ ಹೊಸದೇನೂ ಅಲ್ಲ. ನ್ಯೂಯಾರ್ಕಿನಲ್ಲಿ 1833ರಲ್ಲಿ ಬೆಂಜಮಿನ್ ಡೇ ಎಂಬಾತ ‘ಸನ್’ ಪತ್ರಿಕೆಯನ್ನು ಒಂದು ಸೆಂಟಿಗೆ ಮಾರತೊಡಗಿದಾಗ ಉಳಿದ ಪತ್ರಿಕೆಗಳ ಬೆಲೆ ಆರು ಸೆಂಟು. ನಷ್ಟವನ್ನು ತುಂಬಿಕೊಟ್ಟವರು ಜಾಹೀರಾತುದಾರರು. ಈ ವಾರಪತ್ರಿಕೆಯಲ್ಲೂ ಧಾರಾವಾಹಿಯ ಪಕ್ಕದಲ್ಲಿ ಸಾಬೂನಿನ ಚಿತ್ರ ಬಂದರೆ ಓದುಗರು ಬೇಸರಪಡುವುದಿಲ್ಲ. ಅದು ಸಾಬೂನು, ಇದು ಕಥೆ ಎಂದು ಮನೆಯ ಮಕ್ಕಳಿಗೂ ಗೊತ್ತು. ವ್ಯತ್ಯಾಸವಿರುವುದು ಇನ್ನೊಂದು ಕಡೆ. ಪತ್ರಿಕೆಯ ಜಾಹೀರಾತನ್ನು ನಾವು ನೋಡುತ್ತೇವೆ. ಫೋನಿನ ಜಾಹೀರಾತು ನಮ್ಮನ್ನು ನೋಡುತ್ತದೆ. ನಾವು ಎಲ್ಲಿ ನಿಂತೆವು, ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟೆವು, ಯಾವುದನ್ನು ತಳ್ಳಿಹಾಕಿದೆವು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಕುಕ್ಕರಿನ ಬೆಲೆಯನ್ನು ಒಮ್ಮೆ ವಿಚಾರಿಸಿದ ಮನೆಗೆ ಹದಿನೈದು ದಿನ ಕುಕ್ಕರುಗಳ ಮೆರವಣಿಗೆ ಬರುವುದನ್ನು ಕಾಣದ ಗೃಹಿಣಿ ಈಗ ಯಾವ ಬಡಾವಣೆಯಲ್ಲಿದ್ದಾಳೆ?

ಹಾಗಾದರೆ ಈ ಅಂಗಡಿಯಲ್ಲಿ ಮಾರಾಟಕ್ಕಿರುವ ನಿಜವಾದ ಸರಕು ಯಾವುದು? ಲೆಕ್ಕ ನೋಡಿದರೆ ತಿಳಿಯುತ್ತದೆ. 2004ರಲ್ಲಿ ಹುಟ್ಟಿದ ಫೇಸ್‌ಬುಕ್ಕು 2012ರಲ್ಲಿ ಇನ್‌ಸ್ಟಾಗ್ರಾಮನ್ನು 100 ಕೋಟಿ ಡಾಲರಿಗೆ ಕೊಂಡಿತು. ಆಗ ಅಲ್ಲಿದ್ದ ನೌಕರರು ಸುಮಾರು 13 ಮಂದಿ. 2014ರಲ್ಲಿ ವಾಟ್ಸಾಪನ್ನು ಕೊಳ್ಳುವ ಒಪ್ಪಂದವಾದಾಗ ಹೇಳಿದ ಬೆಲೆ 1900 ಕೋಟಿ ಡಾಲರು. ವಾಟ್ಸಾಪನ್ನು ಕಟ್ಟಿದವರು ತಾವು ಜಾಹೀರಾತು ಮಾರುವವರಲ್ಲವೆಂದು 2012ರಲ್ಲಿ ಅಭಿಮಾನದಿಂದ ಬರೆದಿದ್ದರು. 2025ರಲ್ಲಿ ಅದರ ಸ್ಟೇಟಸ್ ಪುಟಕ್ಕೂ ಜಾಹೀರಾತು ಬಂತು. ಅಷ್ಟು ಹಣ ಕೊಟ್ಟು ಕೊಂಡದ್ದು ಮೇಜು ಕುರ್ಚಿಗಳನ್ನಲ್ಲ; ಕೋಟ್ಯಂತರ ಜನರ ಗಮನವನ್ನು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಹರ್ಬರ್ಟ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲೇ ಇದರ ಸೂತ್ರವನ್ನು ತಿಳಿಸಿದ್ದರು. ಮಾಹಿತಿಯು ಓದುವವರ ಗಮನವನ್ನು ತಿಂದು ಬದುಕುತ್ತದೆ. ಆದ್ದರಿಂದ ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬಡತನ ಬರುತ್ತದೆ ಎಂಬುದು ಅವರ ವಾದದ ಸಾರ.

ನಮ್ಮಲ್ಲಿ ಗಮನಕ್ಕೆ ಅವಧಾನವೆಂಬ ಇನ್ನೊಂದು ಹೆಸರಿದೆ. ಅದನ್ನು ಸಭೆಯಲ್ಲಿ ಪರೀಕ್ಷಿಸುವ ಕಲೆಯೂ ಇದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯ ಸುತ್ತ ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯನ್ನು ಒಡ್ಡುತ್ತಾರೆ. ಒಬ್ಬರು ದತ್ತಪದಿಯನ್ನು ಕೊಡುತ್ತಾರೆ. ಒಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹೇರುತ್ತಾರೆ. ಇವರ ನಡುವೆ ಅಪ್ರಸ್ತುತ ಪ್ರಸಂಗಕ್ಕೆಂದು ಒಬ್ಬರಿರುತ್ತಾರೆ. ಸಂಬಂಧವಿಲ್ಲದ ತಮಾಷೆಯ ಮಾತು ತೆಗೆದು ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವರ ಕೆಲಸ. ಎಂಟರಲ್ಲಿ ಒಬ್ಬರಾದ್ದರಿಂದ ಸಭೆಗೆ ಅದು ವಿನೋದ. ಎಂಟು ಮಂದಿಯೂ ಅಪ್ರಸ್ತುತ ಪ್ರಸಂಗಿಗಳೇ ಆಗಿ, ಅವರಿಗೆಲ್ಲ ಯಾರೋ ಸಂಬಳ ಕೊಟ್ಟು ಕೂರಿಸಿದರೆ ಪದ್ಯ ಹುಟ್ಟುವುದು ಹೇಗೆ? ಈಗ ನಮ್ಮ ಅಂಗೈಯಲ್ಲಿ ಸೇರಿರುವುದು ಅಂಥ ಸಭೆ.

ಹಾಗೆಂದು ಈ ಅಂಗಡಿಯನ್ನು ಬರಿಯ ಶಾಪವೆಂದು ಹಳಿದರೆ ನನ್ನ ಅತ್ತಿಗೆ ಒಪ್ಪಲಾರರು. ಅಣ್ಣ ತೀರಿಕೊಂಡ ಮೇಲೆ ಸಾಗರದ ಕಡೆಯ ಹಳ್ಳಿಯಲ್ಲಿ ಇಬ್ಬರು ಮಕ್ಕಳೊಡನೆ ಉಳಿದ ಅವರಿಗೆ ಕೈಯಲ್ಲಿದ್ದ ವಿದ್ಯೆ ಒಂದೇ: ಅಪ್ಪೆಮಿಡಿಯ ಉಪ್ಪಿನಕಾಯಿ. ಮೊದಲು ಪೇಟೆಯ ಅಂಗಡಿಯವರು ತಾವು ಹೇಳಿದ ಬೆಲೆಗೆ ಭರಣಿಗಟ್ಟಲೆ ಕೊಂಡು, ತಮ್ಮ ಚೀಟಿ ಅಂಟಿಸಿ ಮಾರುತ್ತಿದ್ದರು. ಅತ್ತಿಗೆಯ ಮಗಳು ತಾಯಿ ಮಿಡಿ ಆರಿಸುವುದನ್ನು, ಉಪ್ಪಿನಲ್ಲಿ ಹಾಕಿಡುವುದನ್ನು, ಖಾರ ಅರೆಯುವುದನ್ನು ಫೋನಿನಲ್ಲಿ ಚಿತ್ರಿಸಿ ಜಾಲತಾಣಕ್ಕೆ ಹಾಕಿದಳು. ಬೆಂಗಳೂರಿನಿಂದ ಕೇಳಿಕೆ ಬಂತು, ಪುಣೆಯಿಂದ ಬಂತು, ಊರು ಬಿಟ್ಟು ಸಮುದ್ರದಾಚೆ ನೆಲೆಸಿದ ಮಲೆನಾಡಿನವರಿಂದಲೂ ಬಂತು. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯ ದೆಸೆಯಿಂದ ಹಣ ನೇರವಾಗಿ ಅವರ ಖಾತೆಗೇ ಬೀಳುತ್ತದೆ. ನಡುವೆ ಕೈಯೊಡ್ಡುವವರಿಲ್ಲ. ಮಕ್ಕಳ ಶುಲ್ಕಕ್ಕೆ ಮೈದುನನ ಮುಖ ನೋಡುವ ಸಂದರ್ಭ ಅವರಿಗೆ ಮತ್ತೆ ಬರಲಿಲ್ಲ. ಗಳಗನಾಥರು ಗಂಟು ಹೊತ್ತು ನಡೆದ ದಾರಿಯನ್ನು ಒಬ್ಬ ಹೆಂಗಸು ಅಡಿಗೆಮನೆಯಲ್ಲಿ ಕುಳಿತೇ ನಡೆದರೆ ಅದನ್ನು ಯಾರು ತಾನೇ ಹಳಿದಾರು?

ಆದರೆ ಕಳೆದ ಸಲ ಊರಿಗೆ ಹೋದಾಗ ಅವರು ಒಲೆಯ ಮುಂದೆ ಕುಳಿತು ಆಡಿದ ಮಾತೊಂದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. “ನೋಡಪ್ಪಾ, ಉಪ್ಪಿನಕಾಯಿ ಹಾಕೋದು ವರ್ಷಕ್ಕೊಂದು ಸಲ. ಉಪ್ಪಿನಕಾಯಿ ಹಾಕಿದ್ದೇನೆ ಅಂತ ಹೇಳೋದು ಮಾತ್ರ ದಿನಾ” ಎಂದರು. ಮಿಡಿಗೆ ಋತುವುಂಟು, ಜಾಲತಾಣಕ್ಕಿಲ್ಲ. ಅಣ್ಣನ ವರ್ಷಾಬ್ದಿಕಕ್ಕೆಂದು ಅವರು ನಾಲ್ಕು ದಿನ ಯಾವ ಚಿತ್ರವನ್ನೂ ಹಾಕಲಿಲ್ಲವಂತೆ. ಆ ಬಳಿಕ ಹಾಕಿದ್ದನ್ನು ನೋಡುವವರ ಸಂಖ್ಯೆ ಕಾಲುಭಾಗಕ್ಕೆ ಇಳಿದುಹೋಯಿತಂತೆ. ಹಳೆಯ ಕಾಲದ ಅಂಗಡಿಯವನು ‘ಇಂದು ರಜೆ’ ಎಂದು ಹಲಗೆ ತೂಗುಹಾಕಿದರೆ ಒಂದು ದಿನದ ವ್ಯಾಪಾರ ಹೋಗುತ್ತಿತ್ತು, ಅಷ್ಟೆ. ಮರುದಿನ ಬಂದಾಗ ಅಂಗಡಿ ಬೀದಿಯಲ್ಲೇ ಇರುತ್ತಿತ್ತು. ಇಲ್ಲಿ ರಜೆ ಹಾಕಿದರೆ ಬೀದಿಯೇ ಬೇರೆ ಕಡೆಗೆ ತಿರುಗಿಬಿಡುತ್ತದೆ. ಪೇಟೆಯ ವ್ಯಾಪಾರಿ ಹೋದನೆಂದು ಅತ್ತಿಗೆ ಸಂತೋಷಪಟ್ಟಿದ್ದರು. ಅವನ ಜಾಗದಲ್ಲಿ ಮುಖವಿಲ್ಲದ ಇನ್ನೊಬ್ಬ ಕುಳಿತಿದ್ದಾನೆ. ಅವನೊಡನೆ ಜಗಳವಾಡುವುದಕ್ಕೂ ಆಗದು, ಚೌಕಾಶಿ ಮಾಡುವುದಕ್ಕೂ ಆಗದು.

ದುಡಿಮೆಯ ಕಥೆಯೂ ಇದೇ ಜಾಡಿನಲ್ಲಿ ಸಾಗಿದೆ. ನಾನಿರುವ ಕಾಲೇಜು ಚಿಕ್ಕದು, ಹೆಸರು ಬೇಡ. ಪ್ರವೇಶದ ತಿಂಗಳು ಬಂತೆಂದರೆ ಅಧ್ಯಾಪಕರೆಲ್ಲರೂ ಕಾಲೇಜಿನ ಬಣ್ಣದ ಪ್ರಕಟನೆಯನ್ನು ದಿನವೂ ತಮ್ಮ ತಮ್ಮ ವಾಟ್ಸಾಪಿನ ಸ್ಟೇಟಸ್ಸಿನಲ್ಲಿ ಹಾಕಿ, ಹಾಕಿದ್ದಕ್ಕೆ ಸಾಕ್ಷಿಯಾಗಿ ಅದರ ಚಿತ್ರವನ್ನು ಕಚೇರಿಗೆ ಕಳುಹಿಸತಕ್ಕದ್ದೆಂದು ಅಪ್ಪಣೆಯಾಗುತ್ತದೆ. ಕಳೆದ ವರ್ಷ ಪ್ರತಿಯೊಂದು ವಿಭಾಗದವರೂ ತಮ್ಮ ವಿಷಯದ ಮೇಲೆ ಅರ್ಧ ನಿಮಿಷದ ರೀಲು ಮಾಡಬೇಕೆಂದೂ ಆಯಿತು. ಕನ್ನಡ ವಿಭಾಗಕ್ಕೆ ಸೂಚಿಸಿದ ವಿಷಯ ರನ್ನನ ಗದಾಯುದ್ಧ! ದುರ್ಯೋಧನನು ವೈಶಂಪಾಯನ ಸರೋವರದ ದಂಡೆಯನ್ನು ತಲಪುವುದಕ್ಕೇ ಅರ್ಧ ನಿಮಿಷ ಸಾಲದು. ಭೀಮನಿಗೆ ಗದೆಯೆತ್ತಲು ಹೊತ್ತೆಲ್ಲಿ? ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, “ಮೇಷ್ಟ್ರೇ, ಮೊದಲು ನಾವು ಪಾಠ ಹೇಳುವವರು ಮಾತ್ರ ಆಗಿದ್ದೆವು. ಈಗ ಸರಕೂ ನಾವೇ, ಸಾರುವವರೂ ನಾವೇ” ಎಂದರು. ರಾತ್ರಿ ಹತ್ತು ಗಂಟೆಗೆ ಗುಂಪಿನಲ್ಲಿ ಆದೇಶವೊಂದು ಬೀಳುತ್ತದೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬೀಳುತ್ತವೆ. ಯಾರು ಮುಗಿದರು, ಯಾರು ಮುಗಿಯಲಿಲ್ಲವೆಂಬುದು ಎಲ್ಲರಿಗೂ ಕಾಣುತ್ತದೆ. ಕಾಲೇಜಿನ ಗಂಟೆ ಸಂಜೆ ನಾಲ್ಕೂವರೆಗೇ ಹೊಡೆದಿರುತ್ತದೆ, ಕೆಲಸ ಮುಗಿದಿರುವುದಿಲ್ಲ.

ನಮ್ಮದು ಸುಖದ ಪಾಡು. ನನ್ನ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಸಂಜೆಯಾದೊಡನೆ ಬೆನ್ನಿಗೆ ದೊಡ್ಡ ಚೀಲ ತಗುಲಿಸಿಕೊಂಡು, ಫೋನು ತೋರಿಸಿದ ಮನೆಗಳಿಗೆ ಊಟ ತಲಪಿಸುತ್ತಾನೆ. ಅವನಿಗೆ ಧಣಿಯೆಂಬವನಿಲ್ಲ, ಮುಂದಿನ ಕೆಲಸ ಎಲ್ಲಿ, ಕೂಲಿ ಎಷ್ಟು ಎಂಬುದನ್ನು ಹೇಳುವುದು ಯಂತ್ರ. ಊಟ ತರಿಸಿದವರು ಕೊನೆಯಲ್ಲಿ ಅವನಿಗೆ ನಕ್ಷತ್ರಗಳನ್ನು ಕೊಡುತ್ತಾರೆ. ಹಿಂದೆ ನಮ್ಮವರು ನಕ್ಷತ್ರ ಕೇಳುತ್ತಿದ್ದುದು ಜಾತಕ ಕೂಡಿಸುವಾಗ. ಈಗ ಮಸಾಲೆದೋಸೆ ಆರಿತ್ತೆಂಬ ಕಾರಣಕ್ಕೆ ಹುಡುಗನೊಬ್ಬನ ನಕ್ಷತ್ರ ಇಳಿದುಹೋಗುತ್ತದೆ. ಮಳೆ ಬರುತ್ತಿತ್ತೇ, ಲಿಫ್ಟು ಕೆಟ್ಟಿತ್ತೇ ಎಂದು ಕೇಳುವವರಿಲ್ಲ. ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಒಂದು ಶಾಸನವನ್ನು ಮಾಡಿದೆ. ಅದರಲ್ಲಿ ಕಲ್ಯಾಣನಿಧಿಯ ಮಾತಿದೆ. ಯಂತ್ರವು ಅವರ ಕೆಲಸವನ್ನು ಅಳೆಯುವ ಬಗೆ ಅವರಿಗೂ ತಿಳಿದಿರಬೇಕೆಂಬ ಮಾತೂ ಇದೆ. ಒಳ್ಳೆಯ ಆರಂಭ. ಆದರೆ ಬಾಗಿಲು ತೆರೆದಾಗ ಎದುರಿಗೆ ನಿಂತವನ ಮುಖವನ್ನು ನೋಡಬೇಕೆಂದು ಯಾವ ಶಾಸನ ತಾನೇ ವಿಧಿಸೀತು?

ಇನ್ನು ಆಲೋಚನೆಯ ಮಾತು. ಅವಧಾನವಿಲ್ಲದ ಮನಸ್ಸು ಎಲ್ಲಿಗೆ ಹೋಗಿ ಮುಟ್ಟಬಲ್ಲದೆಂಬುದನ್ನು ನಾವು 2018ರಲ್ಲಿ ಕಂಡೆವು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳುಸುದ್ದಿ ಫೋನಿನಿಂದ ಫೋನಿಗೆ ಹಾರಿ, ದೇಶದ ಹಲವೆಡೆ ನಿರಪರಾಧಿಗಳು ಜನರ ಗುಂಪಿನ ಕೈಯಲ್ಲಿ ಪ್ರಾಣ ಬಿಟ್ಟರು. ನಮ್ಮ ಬೀದರ್ ಜಿಲ್ಲೆಯಲ್ಲೂ ಆ ವರ್ಷದ ಜುಲೈ ತಿಂಗಳಿನಲ್ಲಿ ಒಬ್ಬ ತರುಣ ಎಂಜಿನಿಯರು ಹಾಗೆ ಸತ್ತ. ಆಗ ವಾಟ್ಸಾಪಿನವರು ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ನಮ್ಮ ದೇಶದಲ್ಲಿ ಮಿತಿ ಹಾಕಿದರು. ಜನರಿಗೆ ಎಚ್ಚರಿಕೆ ಹೇಳಲು ಅವರು ಮೊರೆಹೊಕ್ಕದ್ದು ಕಾಗದದ ಪತ್ರಿಕೆಗಳನ್ನು! ಪೂರ್ಣಪುಟದ ಜಾಹೀರಾತು ಕೊಟ್ಟು, ಓದಿ ಯೋಚಿಸಿ ಆಮೇಲೆ ದಾಟಿಸಿರೆಂದು ಕೇಳಿಕೊಂಡರು. ಯೋಚನೆಗೆ ಜನ ನಿಲ್ಲುವುದು ಪುಟದ ಮುಂದೆ ಎಂಬುದು ಅವರಿಗೂ ಗೊತ್ತಿದ್ದಿತೋ ಏನೋ!

ಪುಟಕ್ಕೆ ಕೊನೆಯೆಂಬುದೊಂದಿದೆ. ಕಾವ್ಯ ಮಂಗಳದಲ್ಲಿ ಮುಗಿಯುತ್ತದೆ. ಧಾರಾವಾಹಿಯ ಅಡಿಯಲ್ಲಿ ‘ಮುಂದುವರಿಯುವುದು’ ಎಂದಿರುತ್ತದೆ. ಅದೂ ವ್ಯಾಪಾರದ ತಂತ್ರವೇ, ನಿಜ. ಆದರೆ ಆ ಒಂದು ವಾರದ ಬಿಡುವಿನಲ್ಲಿ ನಾಯಕಿ ಪತ್ರವನ್ನು ಓದಿದಳೋ ಇಲ್ಲವೋ ಎಂದು ಮನೆಮಂದಿಯೆಲ್ಲ ವಾದಿಸಬಹುದು. ಅಷ್ಟರಮಟ್ಟಿಗೆ ಓದುಗರೂ ಕಾದಂಬರಿಕಾರರೇ. 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ಎಷ್ಟು ಸರಿಸಿದರೂ ಕೊನೆಯೇ ಬರದ ಪುಟವನ್ನು ರೂಪಿಸಿದರು. ಮುಂದೆ ಅದರ ಪರಿಣಾಮವನ್ನು ಕಂಡು ಅವರೇ ಮರುಗಿದರು. ಕೊನೆಯಿಲ್ಲದ ಕಡೆ ಬಿಡುವಿಲ್ಲ. ಬಿಡುವಿಲ್ಲದ ಕಡೆ ನೋಡಿದ್ದು ಮನಸ್ಸಿನೊಳಕ್ಕೆ ಇಳಿಯುವುದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬರೆಯುವ ಶ್ರಮವನ್ನೂ ಯಂತ್ರಕ್ಕೆ ಒಪ್ಪಿಸುವ ಅನುಕೂಲ ಒದಗಿದೆ.

ಈ ಅನುಕೂಲದ ಫಲವನ್ನು ನಾನು ನನ್ನ ಮೇಜಿನ ಮೇಲೆಯೇ ಕಾಣುತ್ತೇನೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಅರಸನು ಕಾಶಿಯ ಪೇಟೆಯಲ್ಲಿ ಮಡದಿಯನ್ನೂ ಮಗನನ್ನೂ ಮಾರಿ, ಕಡೆಗೆ ತನ್ನನ್ನೇ ಮಾರಿಕೊಳ್ಳುವ ಭಾಗದ ಮೇಲೆ ಟಿಪ್ಪಣಿ ಬರೆದು ತರಲು ಹೇಳಿದ್ದೆ. ಮೂವತ್ತು ಟಿಪ್ಪಣಿಗಳು ಬಂದವು. ಇಪ್ಪತ್ತಕ್ಕೂ ಮೇಲ್ಪಟ್ಟು ಒಂದೇ ಎರಕದವು: ಸತ್ಯನಿಷ್ಠೆ, ತ್ಯಾಗ, ಕರುಣರಸ, ಇಂದಿನ ಪ್ರಸ್ತುತತೆ, ಉಪಸಂಹಾರ. ತಪ್ಪೊಂದೂ ಇಲ್ಲ. ಕಣ್ಣೀರಿನ ವಿಚಾರ ಧಾರಾಳವಾಗಿತ್ತು. ಯಾವ ಪುಟದ ಹಿಂದೆಯೂ ಕಾವ್ಯವನ್ನು ಓದಿದ ಮನುಷ್ಯನೊಬ್ಬನ ಸುಳಿವಿರಲಿಲ್ಲ.

ಮರುದಿನ ನಾನು ತರಗತಿಗೆ ಒಂದು ಬಿದಿರಿನ ಬುಟ್ಟಿಯನ್ನು ಒಯ್ದೆ. ಫೋನುಗಳೆಲ್ಲ ಅದರೊಳಗೆ ಹೋದವು. ಆ ಭಾಗವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಹತ್ತು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಪ್ರಶ್ನೆ ಮಾತ್ರ ಕೇಳಬಹುದು, ಉತ್ತರ ಹೇಳಬೇಕಾಗಿಲ್ಲ. ಇಷ್ಟೇ ನಿಯಮ. ಮೊದಲ ಐದು ನಿಮಿಷ ಕೈಗಳು ಜೇಬನ್ನು ತಡವಿದವು, ಬೆಂಚುಗಳು ಕಿರುಗುಟ್ಟಿದವು. ಬರಬರುತ್ತ ಕೊಠಡಿಯಲ್ಲಿ ಮೌನ ನೆಲೆಗೊಂಡಿತು. ಕಡೆಗೆ ಹಿಂದಿನ ಬೆಂಚಿನಿಂದ ಎದ್ದವನು ಆ ಊಟ ತಲಪಿಸುವ ಹುಡುಗ.

“ಸಾರ್, ತನಗೆ ತಾನೇ ಬೆಲೆ ಹೇಳಿಕೊಂಡು ನಿಂತಾಗ ಅವನು ಯಾರ ಮುಖ ನೋಡಿದ್ದಾನು?” ಎಂದು ಕೇಳಿದ. ತುಸು ತಡೆದು, “ಕೊಳ್ಳೋಕೆ ಬಂದವರು ಅವನ ಮುಖ ನೋಡಿದರೋ ಇಲ್ಲವೋ” ಎಂದು ಸೇರಿಸಿದ.

ತರಗತಿಯಲ್ಲಿ ಯಾರೂ ನಗಲಿಲ್ಲ. ಇಷ್ಟು ವರ್ಷ ಆ ಭಾಗವನ್ನು ಪಾಠ ಹೇಳಿದ ನನಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾವ ಮಾರ್ಗದರ್ಶಿಯಲ್ಲೂ ಅದು ಇಲ್ಲ. ದಿನವೂ ಸಂಜೆ ಅಪರಿಚಿತರ ಬಾಗಿಲಲ್ಲಿ ನಿಂತು, ನಕ್ಷತ್ರಗಳಿಂದ ಅಳೆಯಿಸಿಕೊಳ್ಳುವವನ ಅನುಭವವು ರಾಘವಾಂಕನನ್ನು ಸಂಧಿಸಿದಾಗ ಹುಟ್ಟಿದ ಪ್ರಶ್ನೆ ಅದು. ಅದು ಅವನೊಳಗೆ ಎಂದಿನಿಂದಲೋ ಇದ್ದಿರಬೇಕು. ಮೇಲೆ ಬರುವುದಕ್ಕೆ ಹತ್ತು ನಿಮಿಷದ ಮೌನ ಬೇಕಾಗಿತ್ತು. ಆ ಹತ್ತು ನಿಮಿಷಗಳನ್ನೇ ಕೊಳ್ಳುವುದಕ್ಕಾಗಿ ಕೋಟಿ ಕೋಟಿ ಹಣ ಸುರಿಯುತ್ತಿರುವಾಗ ಅದರ ಬೆಲೆಯನ್ನು ನಾವೂ ತಿಳಿದುಕೊಳ್ಳಬೇಡವೇ?

ಫೋನನ್ನು ಬಾವಿಗೆ ಹಾಕಿರೆಂದು ಹೇಳುವುದು ಸುಲಭ. ಆದರೆ ಅತ್ತಿಗೆಯ ಉಪ್ಪಿನಕಾಯಿಯೂ ಅದರ ಜೊತೆಗೇ ಬಾವಿಗೆ ಬೀಳುತ್ತದೆ. ದುಡ್ಡು ಪಡೆದು ಸರಕನ್ನು ಹೊಗಳುವ ಜಾಲತಾಣದ ಪ್ರಸಿದ್ಧರು ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದೆಂದು ಜಾಹೀರಾತುದಾರರ ಮಂಡಲಿ 2021ರಲ್ಲೂ ಕೇಂದ್ರ ಸರ್ಕಾರ 2023ರಲ್ಲೂ ಮಾರ್ಗಸೂಚಿಗಳನ್ನು ಹೊರಡಿಸಿವೆ. ಅಂಥವು ಇನ್ನೂ ಬರಲಿ. ಆದರೆ ನಮ್ಮ ಮನೆಯೊಳಗಿನ ಅವಧಾನವನ್ನು ಸರ್ಕಾರ ಬಂದು ಕಾಯಲಾರದು. ಮನೆಯಾಕೆಯೂ ನಾನೂ ಸೇರಿ ಒಂದು ಚಿಕ್ಕ ಏರ್ಪಾಟು ಮಾಡಿಕೊಂಡಿದ್ದೇವೆ. ರಾತ್ರಿ ಊಟದ ತಟ್ಟೆ ಇಟ್ಟದ್ದು ಮೊದಲ್ಗೊಂಡು ಮಲಗುವವರೆಗೆ ಮನೆಯ ಫೋನುಗಳೆಲ್ಲ ನಡುಮನೆಯ ಗೋಡೆಗೂಡಿನಲ್ಲಿರುತ್ತವೆ. ಕಾಲೇಜಿನ ಗುಂಪಿನಲ್ಲಿ ನನ್ನ ಕೈಮುಗಿದ ಚಿತ್ರ ಬೆಳಗ್ಗೆ ಬೀಳುತ್ತದೆ. ಆಕಾಶವೇನೂ ಕಳಚಿಬಿದ್ದಿಲ್ಲ. ಆರು ವರ್ಷದ ಮಗಳು ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೊಂದಿಸುವುದು ಅಷ್ಟಾವಧಾನಕ್ಕಿಂತ ಕಷ್ಟದ ವಿದ್ಯೆ.

ಹರಿಶ್ಚಂದ್ರನು ರಾಜ್ಯ ಬಿಟ್ಟ, ಮಡದಿ ಮಕ್ಕಳನ್ನು ಮಾರಿದ, ತನ್ನ ಮೈಯನ್ನೂ ಮಾರಿಕೊಂಡ. ಕೊಟ್ಟ ಮಾತನ್ನು ಮಾತ್ರ ಮಾರಲಿಲ್ಲ. ನಾವು ಅಷ್ಟು ದೊಡ್ಡವರಲ್ಲ. ನಮ್ಮನ್ನು ಪರೀಕ್ಷಿಸಲು ವಿಶ್ವಾಮಿತ್ರರೂ ಬಂದಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂದೆರಡನ್ನು ಮಾರಾಟಕ್ಕಿಡದೆ ಉಳಿಸಿಕೊಂಡರೆ ನಮ್ಮ ಮಟ್ಟಿಗೆ ಅಷ್ಟೇ ಸಾಕು. ಅಂಗಡಿ ಅಂಗೈಯಲ್ಲೇ ಇದ್ದರೂ, ಬಾಗಿಲು ಹಾಕುವ ಬೆರಳುಗಳೂ ಅದೇ ಕೈಯಲ್ಲಿವೆಯಷ್ಟೆ.